ಎಂ ಸೆಟ್ಟೋ, ಡಿಎಂ ಸೆಟ್ಟೋ?

ವಿಕ್ಟರ್ ಕಂಪನಿಯ ಹಳೇ 78 ಪ್ಲೇಟುಗಳ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ಪ್ಲೇಟುಗಳ, ಆಲ್ಬಂ ಕೊಳ್ಳುವಾಗ ಆಲ್ಬಂ ನಂಬರ್ ಒಂದನ್ನೇ ನೋಡಬೇಡಿ, ನಂಬರಿಗೆ ಮೊದಲು ಬರುವ ಅಕ್ಷರವನ್ನೂ ನೋಡಿ. ನನ್ನ ಹತ್ತಿರ ಒಂದು ಸಿಂಫನಿಯ ಎಂ ಸೆಟ್ ಇತ್ತು, ನಾಲ್ಕು ಪ್ಲೇಟು, ಎಂಟು ಬದಿ. ಎರಡನೇ ಪ್ಲೇಟು ಒಡೆದುಹೋಯಿತು. ಅದೇ ನಂಬರಿನ ಡಿಎಂ ಸೆಟ್ ಸಿಕ್ಕಿತು, ಖುಷಿಯಿಂದ ತಂದೆ. ಅದರ ಎರಡನೇ ಪ್ಲೇಟು ತೆಗೆದು ನೋಡಿದರೆ ಒಂದು ಕಡೆ 2ನೇ ಬದಿ, ತಿರುಗಿಸಿದರೆ 7ನೇ ಬದಿ. ನನಗೆ ಬೇಕಾಗಿದ್ದು 3 ಮತ್ತು 4!

ಎಂ ಅಂದರೆ ಕೈಯಲ್ಲಿ ಹಾಕಿ ಕೇಳುವ ಸೆಟ್. 1ರ ಹಿಂದೆ 2, 3ರ ಹಿಂದೆ 4, ಹೀಗೆ. ಡಿಎಂ ಸೆಟ್ ಮಾಡಿದ್ದು ಚೇಂಜರ್‌ಗೆ, ಅಂದರೆ ಪ್ಲೇಟನ್ನು ತಾನೇ ಬದಲಾಯಿಸುವ ಯಂತ್ರಕ್ಕೆ. ನಡುಗಂಬಿಯ ಮೇಲೆ ನಾಲ್ಕೂ ಪ್ಲೇಟು ಪೇರಿಸಿಟ್ಟರೆ ಒಂದೊಂದಾಗಿ ಕೆಳಗೆ ಬೀಳುತ್ತವೆ, ನಾಲ್ಕೂ ಮುಗಿದ ಮೇಲೆ ಇಡೀ ಕಟ್ಟನ್ನು ಮಗುಚಿ ಮತ್ತೆ ಇಟ್ಟರಾಯಿತು. ಅದಕ್ಕೇ ಅದರಲ್ಲಿ 1ರ ಹಿಂದೆ 8, 2ರ ಹಿಂದೆ 7, 3ರ ಹಿಂದೆ 6, 4ರ ಹಿಂದೆ 5. ಎಎಂ ಅಂತ ಇನ್ನೊಂದಿದೆ, ಆಡಿದ ಪ್ಲೇಟನ್ನು ಪಕ್ಕಕ್ಕೆ ಜಾರಿಸುವ ಯಂತ್ರಕ್ಕೆ. ಅಲ್ಲಿ 1ರ ಹಿಂದೆ 5, 2ರ ಹಿಂದೆ 6. ಕೊಲಂಬಿಯಾ ಕಂಪನಿಯವರದ್ದು ಕೈಯಲ್ಲಿ ಹಾಕುವುದಕ್ಕೆ ಎಂ, ಚೇಂಜರ್‌ಗೆ ಎಂಎಂ.

ಎಂ ಮತ್ತು ಡಿಎಂ ಎರಡನ್ನೂ ಕೂತು ಕೇಳಿದೆ. ದನಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ, ಲೇಬಲ್ ಪಕ್ಕ ಒತ್ತಿರುವ ಮ್ಯಾಟ್ರಿಕ್ಸ್ ನಂಬರೂ (ಯಾವ ರೆಕಾರ್ಡಿಂಗ್ ಅಂತ ಹೇಳುವ ನಂಬರು) ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ನಮ್ಮ ಓಡಾಟದಲ್ಲಿ. ಸ್ನೇಹಿತರ ಮನೆಯ ಚೇಂಜರ್‌ನಲ್ಲಿ ಡಿಎಂ ಹಾಕಿದಾಗ ಸುಮಾರು ಕಾಲು ಗಂಟೆ ಯಾರೂ ಏಳಲಿಲ್ಲ, ಅದು ನಿಜವಾಗಿ ಚೆನ್ನಾಗಿತ್ತು. ಆದರೆ ಅಷ್ಟು ಭಾರದ ಅರಗಿನ ಪ್ಲೇಟು ಇನ್ನೊಂದರ ಮೇಲೆ ಟಪ್ ಅಂತ ಬಿದ್ದಾಗಲೆಲ್ಲ ನನ್ನ ಎದೆ ಹೊಡೆದುಕೊಂಡಿತು. ಮೇಲೆ ಬಿದ್ದ ಪ್ಲೇಟು ಕ್ಷಣ ಹೊತ್ತು ಜಾರಿ, ಆಮೇಲೆ ಕೆಳಗಿನದರ ಜೊತೆ ತಿರುಗುತ್ತದೆ, ಅಲ್ವಾ? ಮನೆಯಲ್ಲಿ ನನ್ನದು ಚೇಂಜರ್ ಇಲ್ಲದ ಪ್ಲೇಯರ್. ಅದರಲ್ಲಿ ಡಿಎಂ ಕೇಳುವುದು ಬೇಜಾರಿನ ಕೆಲಸ, ಪ್ರತಿ ಬದಿಗೂ ಬೇರೆ ಪ್ಲೇಟು ಹುಡುಕಬೇಕು. ಎಂ ಆದರೆ ಸುಮ್ನೆ ತಿರುಗಿಸಿ ಹಾಕಿದರಾಯಿತು. ನನ್ನ ಓಟು ಎಂಗೇ.

ಇನ್ನೊಂದು ಮಾತು, ಒಡೆಯುವ ವಿಷಯ. ಎಂನಲ್ಲಿ ಒಂದು ಪ್ಲೇಟು ಹೋದರೆ ಒಂದೇ ಕಡೆ ದೊಡ್ಡ ಕಂಡಿ ಬೀಳುತ್ತದೆ. ಡಿಎಂನ ಮೊದಲ ಪ್ಲೇಟು ಹೋದರೆ ಶುರುವೂ ಇಲ್ಲ, ಕೊನೆಯೂ ಇಲ್ಲ. ಇದು ಜಾಸ್ತಿ ನೋವು.

ಈಗ ನನ್ನ 3 ಮತ್ತು 4ಕ್ಕೆ ಡಿಎಂನ ಎರಡು ಪ್ಲೇಟು ಬೇಕಾಗುತ್ತವೆ. ಎಂ ಆಲ್ಬಂನ ಖಾಲಿ ಜೇಬಿನ ಮೇಲೆ ಪೆನ್ಸಿಲ್‌ನಲ್ಲಿ 'ಡಿಎಂ 3, 4' ಅಂತ ಬರೆದಿಟ್ಟಿದ್ದೇನೆ.