ಬೂಸ್ಟರೋ, ದೊಡ್ಡ ಛತ್ರಿಯೋ, ತೆಂಗಿನ ಮರವೋ?

ಜೋರು ಮಳೆ ಶುರುವಾಯಿತೆಂದರೆ ಉಡುಪಿ ಹತ್ತಿರದ ಬ್ರಹ್ಮಾವರದ ನಮ್ಮ ಮನೆಯ ಟಿವಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಅಮ್ಮ ನೋಡುವುದು ಡಿಡಿ ಚಂದನ ಒಂದೇ. ಅದಕ್ಕೆ ತಿಂಗಳ ದುಡ್ಡು ಯಾಕೆ ಅಂತ ಡಿಡಿ ಫ್ರೀ ಡಿಶ್ ಹಾಕಿಸಿದ್ದೆ. ಅದರ ಛತ್ರಿ, ಅಂದರೆ ಡಿಶ್ ಆಂಟೆನಾ, 60 ಸೆಂಟಿಮೀಟರಿನದು, ಅಂದರೆ 2 ಅಡಿ. ಹಳೇ ಮೀನಿನ ಮುಳ್ಳಿನಂಥ ಆಂಟೆನಾ ಇನ್ನೂ ಅಟ್ಟದಲ್ಲಿದೆ, ಆದರೆ ನಮ್ಮ ಕಡೆ ಆ ಪ್ರಸಾರವೇ ನಿಂತುಹೋಗಿದೆ. ಎರಡು ಮಳೆಗಾಲದಲ್ಲಿ ಮೂರು ಉಪಾಯ ಮಾಡಿ ನೋಡಿದೆ.

ಮೊದಲು ಬೂಸ್ಟರ್, ಸಿಗ್ನಲ್ ಹಿಗ್ಗಿಸುವ ಸಣ್ಣ ಸಾಧನ. "ಇದೊಂದು ಹಾಕಿ ಸರ್, ಎಲ್ಲ ಸರಿಯಾಗ್ತದೆ" ಎಂದ ಅಂಗಡಿಯ ಹುಡುಗ. 250 ರೂಪಾಯಿ. ಸೆಟ್‌ಟಾಪ್ ಬಾಕ್ಸಿನ ಹಿಂದೆ ಸಿಕ್ಕಿಸಿದ ಕೂಡಲೇ ಮೆನುವಿನಲ್ಲಿ ಸ್ಟ್ರೆಂತ್, ಅಂದರೆ ಸಿಗ್ನಲ್ಲಿನ ಜೋರು, 90 ದಾಟಿತು. ಕ್ವಾಲಿಟಿ, ಅಂದರೆ ಸಿಗ್ನಲ್ ಎಷ್ಟು ಶುದ್ಧ ಅನ್ನುವುದು, ಅಲ್ಲಾಡಲಿಲ್ಲ. ಚಿತ್ರ ನಿಲ್ಲುವುದೂ ಒಡೆಯುವುದೂ ಕ್ವಾಲಿಟಿಯ ಮೇಲೆಯೇ. ಛತ್ರಿಯ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಹೇಗೂ ಸಿಗ್ನಲ್ ಹಿಗ್ಗಿಸಿಯೇ ಕಳಿಸುತ್ತದೆ. ಕೆಳಗೆ ಮತ್ತೆ ಹಿಗ್ಗಿಸಿದರೆ ಸಿಗ್ನಲ್ಲಿಗೆ ಅಂಟಿದ ಗದ್ದಲವೂ ಜೊತೆಗೇ ಹಿಗ್ಗುತ್ತದೆ. ತುಂಬಾ ದೂರ ಕೇಬಲ್ ಎಳೆದವರಿಗೆ ಉಪಯೋಗವಾದೀತು. ನಮ್ಮ ಕೇಬಲ್ 15 ಮೀಟರ್ ಅಷ್ಟೇ. ಸುಮ್ನೆ ದಂಡ.

ಆಮೇಲೆ 90 ಸೆಂಟಿಮೀಟರಿನ ಛತ್ರಿ. ಅಗಲ ಒಂದೂವರೆ ಪಟ್ಟು, ಸಿಗ್ನಲ್ ಹಿಡಿಯುವ ಜಾಗ 2.25 ಪಟ್ಟು. ಇದು ಕೆಲಸ ಮಾಡಿತು. ಸಾಧಾರಣ ಮಳೆಗೆ ಚಿತ್ರ ಹೋಗುವುದು ನಿಂತಿತು. ಆದರೆ ಛತ್ರಿ ದೊಡ್ಡದಾದಷ್ಟೂ ಗುರಿ ನಿಖರವಾಗಿರಬೇಕು, ಗಾಳಿಯೂ ಜಾಸ್ತಿ ಹಿಡಿಯುತ್ತದೆ. ಜುಲೈಯ ಒಂದು ರಾತ್ರಿ ಗಾಳಿಗೆ ಒಂದು ಬೆರಳಿನಷ್ಟು ತಿರುಗಿತು ನೋಡಿ, ಬೆಳಿಗ್ಗೆ ಒಂದು ಚಾನೆಲ್ಲೂ ಇಲ್ಲ.

ಅದನ್ನು ಸರಿಮಾಡಲು ತಾರಸಿ ಹತ್ತಿದಾಗಲೇ ತೆಂಗಿನ ಮರ ಕಣ್ಣಿಗೆ ಬಿದ್ದದ್ದು. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಉಡುಪಿ ಕಡೆಯಿಂದ ನೋಡಿದರೆ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ. ಓರೆಯಾಗಿ ಬರುವ ಸಿಗ್ನಲ್ ಹಿಡಿಯುವಂತೆ ಮಾಡಿದ ಈ ಛತ್ರಿಗಳ ಮುಖ ಮಾತ್ರ ಅಷ್ಟು ಮೇಲೆ ನೋಡುವುದಿಲ್ಲ. ಹಾಗಾಗಿ ಎದುರಿನ ಗೋಡೆಯೇ ಅಡ್ಡ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಲೆಕ್ಕ ಸುಲಭ: ಛತ್ರಿಯಿಂದ ಎಷ್ಟು ದೂರವೋ ಅದರ ಎರಡರಷ್ಟು ಎತ್ತರದಲ್ಲಿ ಸಿಗ್ನಲ್ಲಿನ ದಾರಿ. ನಮ್ಮ ಮರ 10 ಅಡಿ ದೂರದಲ್ಲಿ, ಅಂದರೆ ದಾರಿ ಛತ್ರಿಗಿಂತ 20 ಅಡಿ ಎತ್ತರದಲ್ಲಿ. ಸರಿಯಾಗಿ ಮಡಲುಗಳು ಇರುವ ಜಾಗ! ಬೇಸಿಗೆಯಲ್ಲಿ ಒಣ ಮಡಲಿನ ಸಂದಿಯಿಂದ ಹೇಗೋ ಬರುತ್ತಿತ್ತು. ಒದ್ದೆ ಮಡಲು, ಮೇಲಿಂದ ಮಳೆ, ಎರಡೂ ಸೇರಿದರೆ ಮುಗಿಯಿತು.

ಹಳೇ ಸಣ್ಣ ಛತ್ರಿಯನ್ನೇ ತಾರಸಿಯ ಇನ್ನೊಂದು ತುದಿಗೆ, ಮರದಿಂದ 25 ಅಡಿ ದೂರಕ್ಕೆ ಒಯ್ದೆ. ಕ್ವಾಲಿಟಿ 48ರಿಂದ 66ಕ್ಕೆ ಏರಿತು. ದೊಡ್ಡ ಛತ್ರಿ ಹಳೇ ಜಾಗದಲ್ಲಿ ಕೊಟ್ಟದ್ದು 61. ಖರ್ಚು ಕೇಬಲ್ಲಿನದು ಮಾತ್ರ. ಹೇಗೂ ಉಪ್ಪುಗಾಳಿಗೆ ಕನೆಕ್ಟರ್ ಒಳಗೆ ಹಸಿರು ಕಿಲುಬು ಕಟ್ಟಿತ್ತು, ಬದಲಿಸಲೇ ಬೇಕಿತ್ತು. ಈ ಸಲ ಮೇಲೆ ರಬ್ಬರ್ ಟೇಪ್ ಸುತ್ತಿದ್ದೇನೆ.

ಒಂದಕ್ಕೇ ಕೈಹಾಕುವುದಾದರೆ ಜಾಗ ಬದಲಿಸಿ ಅಂತಲೇ ನಾನು ಹೇಳುವುದು. ದೊಡ್ಡದು ತಂದಾಗಿತ್ತಲ್ಲ, ಅದನ್ನೂ ಕೊನೆಗೆ ಹೊಸ ಜಾಗಕ್ಕೇ ನಾಲ್ಕು ಬೋಲ್ಟ್ ಹಾಕಿ ಕೂರಿಸಿದೆ. ಆಟಿ ತಿಂಗಳ ಜಡಿಮಳೆಗೆ ಈಗಲೂ ಐದು ನಿಮಿಷ ಚಿತ್ರ ಹೋಗುವುದುಂಟು. ಅಮ್ಮ ಬೈಯುವುದಿಲ್ಲ. ಅಷ್ಟೊತ್ತಿಗೆ ಕರೆಂಟೂ ಹೋಗಿರುತ್ತದೆ.