ಮಲೆನಾಡಿನ 'ಚೆರ್ರಿ ತೋಟ'ಕ್ಕೆ ದುಡ್ಡು ಕಟ್ಟುವ ಮುಂಚೆ

ಮೇ ತಿಂಗಳಲ್ಲಿ ಅಕ್ಕ, ಭಾವ, ಅವರ ಮಕ್ಕಳು ಬೆಂಗಳೂರಿನಿಂದ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದರು. ಸಕ್ರೆಬೈಲು, ಜೋಗ ಎರಡೂ ಮಕ್ಕಳಿಗೆ ಹಳೆಯದಾಗಿತ್ತು. ಹೊಸ ಜಾಗ ಹುಡುಕುವಾಗ ಅಕ್ಕನ ಫೋನಿಗೆ ಒಂದು ಜಾಹೀರಾತು ಬಂತು. 'ನೀವೇ ಕಿತ್ತು ತಿನ್ನಿ, ಮಲೆನಾಡಿನ ಚೆರ್ರಿ'. ತೀರ್ಥಹಳ್ಳಿ ಕಡೆಯ ತೋಟ. ಫೋಟೋದಲ್ಲಿ ಕಡುಗೆಂಪು ಹಣ್ಣು, ಉದ್ದ ತೊಟ್ಟು, ಎರಡೆರಡು ಜೋಡಿಯಾಗಿ ತೂಗುತ್ತಿದ್ದವು. ತಲೆಗೆ 250 ರೂಪಾಯಿ, ಮಕ್ಕಳಿಗೂ ಅಷ್ಟೇ, ಮೊದಲೇ ಕಳಿಸಬೇಕು. ಏಳು ಜನಕ್ಕೆ 1750 ರೂಪಾಯಿ ಫೋನ್‌ಪೇ ಮಾಡಿದೆವು. ತೋಟದ ಹೆಸರು ಇಲ್ಲಿ ಬರೆಯುತ್ತಿಲ್ಲ. ನಡೆದದ್ದು ಗೊತ್ತಾದರೆ ಸಾಕು.

ಹೋಗಿ ನೋಡಿದರೆ ಆಳೆತ್ತರದ ಗಿಡಗಳು. ಎಲೆಯ ಸಂದಿಯಲ್ಲಿ ಗಿಡ್ಡ ತೊಟ್ಟಿನ ಕೆಂಪು ಹಣ್ಣು. ಒಂದನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡೆ. ಪೂರ್ತಿ ದುಂಡಗಿಲ್ಲ. ಮೂರು ಕಡೆ ಸ್ವಲ್ಪ ಉಬ್ಬಿಕೊಂಡಿದೆ, ಮಧ್ಯೆ ತೆಳ್ಳಗೆ ಗೆರೆ. ಸಿಪ್ಪೆ ಎಷ್ಟು ತೆಳು ಅಂದರೆ, ಹೆಬ್ಬೆರಳು ಒತ್ತಿದ ಕೂಡಲೇ ಒಡೆದು ರಸ ಮಣಿಕಟ್ಟಿನವರೆಗೆ ಇಳಿಯಿತು. ಒಳಗೆ ಮೂರು ಬೀಜ. ಬಾಯಿಗೆ ಹಾಕಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ.

"ಇದು ಚೆರ್ರಿ ಅಲ್ವಲ್ಲಪ್ಪಾ" ಅಂದೆ. ಬುಟ್ಟಿ ಕೊಡುತ್ತಿದ್ದ ಹುಡುಗ, "ಇದೂ ಚೆರ್ರಿನೇ ಮೇಡಂ, ಬಾರ್ಬಡೋಸ್ ಚೆರ್ರಿ" ಅಂದ. ಆ ಮೊದಲಿನ ಪದ ಜಾಹೀರಾತಿನಲ್ಲಿ ಎಲ್ಲೂ ಇರಲಿಲ್ಲ.

ಹಣ್ಣಿನ ಮೇಲೆ ನನಗೆ ಸಿಟ್ಟಿಲ್ಲ. ಬಾರ್ಬಡೋಸ್ ಚೆರ್ರಿ ಒಳ್ಳೆಯ ಹಣ್ಣು. ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಿ ವಿಟಮಿನ್ ಇದೆ, ನಮ್ಮ ಮಳೆ–ಬಿಸಿಲಿಗೆ ಚೆನ್ನಾಗಿ ಬರುತ್ತದೆ. ಆದರೆ ಫೋಟೋದಲ್ಲಿದ್ದ ಸಿಹಿ ಚೆರ್ರಿಗೂ ಇದಕ್ಕೂ ಸಂಬಂಧವಿಲ್ಲ. ಆ ಚೆರ್ರಿ ಕಾಶ್ಮೀರ, ಹಿಮಾಚಲದ ಬೆಳೆ. ಚಳಿಗಾಲದಲ್ಲಿ ಮರ ನಿದ್ದೆ ಹೋಗಬೇಕು. ಸಾಮಾನ್ಯ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 800 ಗಂಟೆಯಾದರೂ ಬೇಕು. ಇಲ್ಲದಿದ್ದರೆ ಸರಿಯಾಗಿ ಹೂವೇ ಬಿಡುವುದಿಲ್ಲ. ಶಿವಮೊಗ್ಗದಲ್ಲಿ ಡಿಸೆಂಬರ್ ರಾತ್ರಿಯೂ ಅಷ್ಟು ಚಳಿ ಇರುವುದಿಲ್ಲ. ಆಗುಂಬೆಯ ಮಂಜು ನೋಡಿ ಇಲ್ಲಿ ಬೆಳೆಯಬಹುದು ಅಂದುಕೊಳ್ಳುವುದು ಸಹಜ, ಆದರೆ ಮಂಜು ಬೇರೆ, ಆ ಚಳಿ ಬೇರೆ. ಅಂದಹಾಗೆ ಬೇಕರಿ ಕೇಕಿನ ಮೇಲಿನ 'ಚೆರ್ರಿ' ಕೂಡ ಹೆಚ್ಚಿನ ಕಡೆ ನಮ್ಮ ಬ್ಯಾಣದ (ಕುರುಚಲು ಗುಡ್ಡದ) ಕವಳಿಕಾಯಿಯೇ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿರುತ್ತಾರೆ. ಮಕ್ಕಳಿಗೆ ಇದನ್ನೆಲ್ಲ ಅಲ್ಲೇ ನಿಂತು ಹೇಳಬೇಕಾಯಿತು.

ದುಡ್ಡು ವಾಪಸ್ ಕೇಳಿದೆವು. ಕೊಡುವುದಿಲ್ಲ ಅಂದರು. ಬಂದಾಗಿದೆ, ಮಕ್ಕಳು ಕೀಳಲಿ ಅಂತ ಬಿಟ್ಟೆವು. ಅದೇ ತಪ್ಪಾಯಿತು. ಮಕ್ಕಳಿಗೆ ಹಣ್ಣು ಯಾವುದು, ಕಾಯಿ ಯಾವುದು ಅಂತ ಯಾರೂ ತೋರಿಸಿಕೊಡಲಿಲ್ಲ. ಹಸಿರು, ಕಿತ್ತಳೆ ಬಣ್ಣದವು ಎಲ್ಲ ಬುಟ್ಟಿಗೆ ಬಿದ್ದವು. ಹೊರಡುವಾಗ, "ಕಿತ್ತಿದ್ದೆಲ್ಲ ತಗೋಬೇಕು ಸಾರ್, ಕೆಜಿಗೆ 500" ಅಂದರು. ಪ್ರವೇಶದ ದುಡ್ಡಿನಲ್ಲಿ ಹಣ್ಣೂ ಸೇರಿದೆ ಅಂತಲೇ ನಾವು ತಿಳಿದಿದ್ದೆವು. ತಕ್ಕಡಿಗೆ ಬಿದಿರಿನ ಬುಟ್ಟಿ ಸಮೇತ ಇಟ್ಟರು. 3 ಕೆಜಿ 200 ಗ್ರಾಂ. ಭಾವ ಜಗಳ ಬೇಡ ಅಂತ 1600 ರೂಪಾಯಿ ಕೊಟ್ಟುಬಿಟ್ಟರು. ತೋಟದವರು ಹಣ್ಣನ್ನು ಕವರಿಗೆ ಸುರಿದು, ಬುಟ್ಟಿ ವಾಪಸ್ ಇಟ್ಟುಕೊಂಡರು.

ಬರುವ ದಾರಿಯಲ್ಲಿ ಇನ್ನೊಂದು ಚಿಕ್ಕ ತೋಟ ಸಿಕ್ಕಿತು. ಅಡಿಕೆ ಜೊತೆಗೆ ಹತ್ತಾರು ಬಗೆಯ ಹಣ್ಣಿನ ಗಿಡ. ಪ್ರವೇಶಕ್ಕೆ ದುಡ್ಡಿಲ್ಲ. ಅಲ್ಲಿನ ಯಜಮಾನರು ನಮ್ಮ ಕವರ್ ನೋಡಿ ತಮ್ಮ ತಕ್ಕಡಿಗೆ ಇಟ್ಟರು. 2 ಕೆಜಿ 600. ಉಳಿದ 600 ಗ್ರಾಂ, ಅಂದರೆ 300 ರೂಪಾಯಿ, ಬರೀ ಬುಟ್ಟಿಯದ್ದು. ಅವರ ಹತ್ತಿರವೂ ಬಾರ್ಬಡೋಸ್ ಚೆರ್ರಿ ಇತ್ತು. "ಹುಳಿ ಇದೆ ತಂಗಿ, ಪೂರ್ತಿ ಕೆಂಪಾದದ್ದನ್ನೇ ಕೀಳ್ಬೇಕು, ಎರಡು ದಿನದಲ್ಲಿ ಖರ್ಚು ಮಾಡ್ಬೇಕು" ಅಂತ ಮೊದಲೇ ಹೇಳಿದರು. ಅವರ ಗಿಡದ ಹಣ್ಣು ತಿಂದೆ. ಹುಳಿಯ ಹಿಂದೆ ಸಿಹಿ ಇತ್ತು! ಅದೇ ಜಾತಿ, ಬಲಿತದ್ದಕ್ಕೂ ಎಳೆಯದ್ದಕ್ಕೂ ಅಷ್ಟು ವ್ಯತ್ಯಾಸ. ಪಕ್ಕದಲ್ಲಿ ಸುರಿನಾಮ್ ಚೆರ್ರಿ. ಪುಟಾಣಿ ಕುಂಬಳಕಾಯಿಯ ಹಾಗೆ ಎಂಟು ಏಣು. ಮುಟ್ಟಿದರೆ ಕೈಗೆ ಉದುರುವುದನ್ನು ಮಾತ್ರ ತಿನ್ನಬೇಕಂತೆ. ಗಟ್ಟಿಯಾಗಿ ಅಂಟಿಕೊಂಡಿದ್ದನ್ನು ಕಿತ್ತು ತಿಂದ ಭಾವನಿಗೆ ಒಗರು, ಅಂಟಿನ ವಾಸನೆ ತುಂಬಾ ಹೊತ್ತು ಬಾಯಲ್ಲಿ ಉಳಿಯಿತು.

ಮನೆಗೆ ಬರುವಷ್ಟರಲ್ಲಿ ಕವರಿನ ಅಡಿಯ ಹಣ್ಣೆಲ್ಲ ಒಡೆದು, ಕಾರಿನ ಸೀಟು ಒದ್ದೆಯಾಗಿತ್ತು. ಮರುದಿನ ಪೇಟೆಯಲ್ಲಿ ಕಾಶ್ಮೀರದ ಚೆರ್ರಿಯ ಒಂದು ಡಬ್ಬಿ ಸಿಕ್ಕಿತು. ತಟ್ಟೆಯಲ್ಲಿ ಬಾರ್ಬಡೋಸ್, ಸುರಿನಾಮ್, ಕಾಶ್ಮೀರ ಮೂರೂ ಚೆರ್ರಿಗಳನ್ನು ಸಾಲಾಗಿ ಇಟ್ಟು ಮಕ್ಕಳಿಗೆ ಕೊಯ್ದು ತೋರಿಸಿದೆ. ಕಾಶ್ಮೀರದ್ದಕ್ಕೆ ಬೆರಳುದ್ದ ತೊಟ್ಟು, ಗಟ್ಟಿ ತಿರುಳು, ಒಂದೇ ದುಂಡು ಬೀಜ. ಸಾವಿರಾರು ಕಿಲೋಮೀಟರ್ ಬಂದರೂ ಅದು ಮುದ್ದೆಯಾಗಿರಲಿಲ್ಲ. ನಮ್ಮ ಬಾರ್ಬಡೋಸ್ ಚೆರ್ರಿ ಅಷ್ಟರಲ್ಲಿ ಕಂದುತ್ತಿತ್ತು. ಅತ್ತೆ ಉಳಿದದ್ದನ್ನು ಬೆಲ್ಲ ಹಾಕಿ ಗೊಜ್ಜು ಮಾಡಿದರು.

ಇನ್ನೊಂದು ವಿಷಯ ಹೇಳದೆ ಇರಲಾರೆ. ಮೊದಲಿನ ತೋಟ ಕಾಡಿಗೆ ಅಂಟಿಕೊಂಡಿತ್ತು. ಮಕ್ಕಳು ದರಗಿನ (ಒಣಗಿ ಬಿದ್ದ ಎಲೆಯ) ಮೇಲೆ ಕೂತು ಆಡಿದರು. ರಾತ್ರಿ ಸ್ನಾನ ಮಾಡಿಸುವಾಗ ಅಕ್ಕನ ಮಗಳ ಕಾಲ ಸಂದಿಯಲ್ಲಿ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿಕೊಂಡಿತ್ತು, ಎಳ್ಳಿನಷ್ಟು ಚಿಕ್ಕದು. ಮಂಗನ ಕಾಯಿಲೆ ಎಂಬ ಅಪಾಯದ ಜ್ವರ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಹರಡುವುದು ಉಣುಗಿನಿಂದ, ಅದೂ ಹೆಚ್ಚಾಗಿ ಬೇಸಿಗೆ ಮುಗಿಯುವವರೆಗೆ. ಎರಡು ವಾರ ಅವಳಿಗೆ ಜ್ವರ ಬರುತ್ತದೇನೋ ಅಂತ ದಿನಾ ಮೈ ಮುಟ್ಟಿ ನೋಡಿದ್ದಾಯಿತು. ದೇವರ ದಯೆ, ಏನೂ ಆಗಲಿಲ್ಲ. ಹೊರಗಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ. ತೋಟದವರು ಹೇಳಬೇಕಿತ್ತು. ಅವರು ಹೇಳದಿದ್ದರೂ ನೀವು ಮಕ್ಕಳಿಗೆ ಉದ್ದ ಪ್ಯಾಂಟು, ಸಾಕ್ಸ್ ಹಾಕಿ. ದರಗಿನ ಮೇಲೆ ಕೂರಿಸಬೇಡಿ. ಬಂದ ಮೇಲೆ ಜ್ವರ, ಜೋರು ತಲೆನೋವು ಕಂಡರೆ ಕಾಡಿನ ಬದಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಿ.

ಭಾವ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದಾರೆ. ಜಾಹೀರಾತಿನ ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ದಾಖಲೆ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಆ ಫೋಟೋ ಮಾತ್ರ ಇವತ್ತಿಗೂ ಹಾಗೇ ಇದೆ. ಹಾಗಾಗಿ ಯಾವ ಚೆರ್ರಿ ತೋಟಕ್ಕೆ ಹೋಗುವುದಿದ್ದರೂ ದುಡ್ಡು ಕಳಿಸುವ ಮುಂಚೆ ಫೋನ್ ಮಾಡಿ. ಕಿತ್ತಿದ್ದಕ್ಕೆ ಬೇರೆ ದುಡ್ಡು ಇದೆಯಾ, ಬುಟ್ಟಿ ಬಿಟ್ಟು ತೂಗುತ್ತೀರಾ ಅಂತ ಕೇಳಿ. ಅದಕ್ಕೂ ಮೊದಲು, ಹಣ್ಣಿನೊಳಗೆ ಬೀಜ ಒಂದಾ, ಮೂರಾ ಅಂತ ಕೇಳಿ.