ಬ್ರೇಕ್ ಪ್ಯಾಡ್ ಸವೆದಿದ್ಯಾ ಅಂತ ಯಾವುದ್ರಿಂದ ಸರಿಯಾಗಿ ಗೊತ್ತಾಗುತ್ತೆ: ಸೌಂಡಾ, ಆಯಿಲ್ ಡಬ್ಬಿನಾ, ಚಕ್ರ ಬಿಚ್ಚಿ ನೋಡೋದಾ?

ಚಿಕ್ಕಬಳ್ಳಾಪುರದ ಕಡೆ ಮನೆಗೆ ನೆಂಟರು ಬಂದ್ರೆ ಮೊದ್ಲು ಹೊರಡೋದೇ ನಂದಿ ಬೆಟ್ಟಕ್ಕೆ. 1478 ಮೀಟರ್ ಎತ್ತರ, ಇಳಿಯೋವಾಗ ಕಾರಲ್ಲಿ ಐದು ಜನ, ತಿರುವು ಮೇಲೆ ತಿರುವು, ಜೊತೆಗೆ ಬೆಳಗ್ಗೆ ಮಂಜು. ಸೆಕೆಂಡ್ ಗೇರಲ್ಲೇ ಇಳಿದ್ರೂ ಬ್ರೇಕಿಗೆ ಕೆಲಸ ಇದ್ದೇ ಇರುತ್ತೆ. ಅದಕ್ಕೇ ಪ್ಯಾಡ್ (ಚಕ್ರದ ಜೊತೆ ತಿರುಗೋ ಡಿಸ್ಕನ್ನ ಒಳಗಿಂದ ಒಂದು ಹೊರಗಿಂದ ಒಂದು ಒತ್ತಿ ಹಿಡಿಯೋ ತುಂಡು) ಯಾವಾಗ ಬದಲಾಯಿಸ್ಬೇಕು ಅಂತ ತಿಳ್ಕೊಳ್ಳೋಕೆ ಜನ ಹೇಳೋ ಮೂರೂ ದಾರಿ ನಮ್ಮ ಕಾರಲ್ಲಿ ನೋಡಿದೀನಿ, ಮುಂದೆ ಡಿಸ್ಕು ಹಿಂದೆ ಡ್ರಮ್ಮು ಇರೋ ಸಾಮಾನ್ಯ ಹ್ಯಾಚ್‌ಬ್ಯಾಕ್ ನಮ್ದು.

ಹೆಚ್ಚಿನೋರು ನಂಬೋದು ಸೌಂಡನ್ನ. ಪ್ಯಾಡ್ ಪಕ್ಕದಲ್ಲಿ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತೆ, ಪ್ಯಾಡ್ 2-3 ಮಿಮೀಗೆ ಬಂದಾಗ ಅದು ಡಿಸ್ಕಿಗೆ ತಗುಲಿ ಕೀಂಯ್ ಅಂತ ಕೂಗುತ್ತೆ, ಖರ್ಚಿಲ್ಲ ಕಷ್ಟ ಇಲ್ಲ. ಆದ್ರೆ ಗ್ಲಾಸ್ ಏರಿಸಿ ಎಸಿ ಹಾಕ್ಕೊಂಡು ಬೆಂಗಳೂರು ಹೈವೇಲಿ ಹೋಗ್ತಿದ್ರೆ ಅದು ಕೇಳ್ಸೋದೇ ಇಲ್ಲ. ಎರಡೂ ಕಡೆ ಕಾಂಪೌಂಡ್ ಗೋಡೆ ಇರೋ ಗಲ್ಲಿಲಿ ಗ್ಲಾಸ್ ಇಳಿಸಿ ನಿಧಾನಕ್ಕೆ ಹೋದ್ರೆ ಚೆನ್ನಾಗಿ ಗೊತ್ತಾಗುತ್ತೆ. ಇನ್ನೊಂದೇನಂದ್ರೆ ರಾತ್ರಿ ಮಳೆ ಬಂದಿದ್ರೆ ಅಥವಾ ಕಾರು ತೊಳೆದು ನಿಲ್ಸಿದ್ರೆ ಡಿಸ್ಕ್ ಮೇಲೆ ತೆಳ್ಳಗೆ ತುಕ್ಕು ಹಿಡಿದು ಬೆಳಗ್ಗೆ ಸೌಂಡ್ ಬರುತ್ತೆ, ನಾಲ್ಕೈದು ಸಲ ಬ್ರೇಕ್ ಹಿಡಿದ್ರೆ ಹೋಗುತ್ತೆ, ಅದು ಸವೆತ ಅಲ್ಲ. ಎಲ್ಲಾ ಪ್ಯಾಡಲ್ಲೂ ಆ ಪಟ್ಟಿ ಇರೋದೂ ಇಲ್ಲ. ಗರಗರ ಅಂತ ಉಜ್ಜೋ ಸದ್ದು ಬಂತು ಅಂದ್ರೆ ಮಾತ್ರ ಪ್ಯಾಡ್ ಮುಗಿದು ಕಬ್ಬಿಣ ಕಬ್ಬಿಣ ತಿಕ್ಕಾಡ್ತಿದೆ ಅಂತ ಅರ್ಥ, ಡಿಸ್ಕೂ ಹಾಳಾಗಿ ಖರ್ಚು ಎಲ್ಲಿಗೋ ಹೋಗುತ್ತೆ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡೋದು ಇದಕ್ಕಿಂತ ವಾಸಿ. ಪ್ಯಾಡ್ ತೆಳ್ಳಗಾದಷ್ಟೂ ಅದನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್ (ಪ್ಯಾಡ್ ಹಿಡ್ಕೊಂಡಿರೋ ಇಕ್ಕಳದಂಥ ಭಾಗ) ಒಳಗಿನ ಪಿಸ್ಟನ್ ಮುಂದಕ್ಕೆ ಬರುತ್ತೆ, ಅದರ ಹಿಂದೆ ಖಾಲಿಯಾದ ಜಾಗಕ್ಕೆ ಆಯಿಲ್ ಹೋಗಿ ತುಂಬ್ಕೊಳ್ಳುತ್ತೆ, ಅದಕ್ಕೇ ಲೆವೆಲ್ ಮ್ಯಾಕ್ಸ್ ಗೆರೆಯಿಂದ ಮಿನ್ ಕಡೆಗೆ ತಿಂಗಳುಗಟ್ಟಲೆ ನಿಧಾನವಾಗಿ ಇಳೀತಾ ಬರುತ್ತೆ. ಸೌಂಡ್ ಬರೋದಕ್ಕೆ ಎಷ್ಟೋ ಮೊದಲೇ ಇದು ಸುಳಿವು ಕೊಡುತ್ತೆ. ಆದ್ರೆ ಸರ್ವಿಸಲ್ಲಿ ಯಾರಾದ್ರೂ ಸುಮ್ನೆ ಟಾಪ್ ಅಪ್ ಮಾಡಿದ್ರೆ ಆ ಸುಳಿವೇ ಅಳಿಸಿಹೋಗುತ್ತೆ, ಮೇಲಾಗಿ ಹೊಸ ಪ್ಯಾಡ್ ಹಾಕೋವಾಗ ಪಿಸ್ಟನ್ ಹಿಂದಕ್ಕೆ ತಳ್ಳಿದ್ರೆ ಹೆಚ್ಚಾದ ಆಯಿಲ್ ಉಕ್ಕಿ ಪೇಂಟ್ ಮೇಲೆ ಬಿದ್ದು ಪೇಂಟ್ ಕಿತ್ತುಬರುತ್ತೆ. ಒಂದೆರಡು ದಿನದಲ್ಲೇ ಲೆವೆಲ್ ಇಳಿದ್ರೆ ಅದು ಸವೆತ ಅಲ್ಲ, ಲೀಕು, ಕಾರು ಓಡಿಸ್ಬೇಡಿ, ಮೆಕ್ಯಾನಿಕ್‌ನ ಮನೆ ಹತ್ರಾನೇ ಕರೆಸಿ.

ಪೆಡಲ್ ಫೀಲ್ ನೋಡಿ ಹೇಳ್ತೀನಿ ಅನ್ನೋರೂ ಇದಾರೆ. ಅದು ಬೇರೆ ವಿಷಯ. ಬ್ರೇಕ್ ಹಿಡಿದಾಗ ಪೆಡಲ್ ಅದುರಿದ್ರೆ ಹೆಚ್ಚಾಗಿ ಡಿಸ್ಕ್ ಏರುಪೇರಾಗಿರುತ್ತೆ, ಮೆತ್ತಗೆ ಒಳಗೆ ಹೋದ್ರೆ ಲೈನಲ್ಲಿ ಗಾಳಿ ಸೇರಿದೆ ಇಲ್ಲಾ ಆಯಿಲ್ ಹಳೇದಾಗಿದೆ. ಪ್ಯಾಡ್ ಎಷ್ಟು ಉಳಿದಿದೆ ಅನ್ನೋದಕ್ಕೆ ಪೆಡಲ್ ಉತ್ತರ ಕೊಡಲ್ಲ.

ಕಣ್ಣಲ್ಲಿ ನೋಡೋದು ಅಂದ್ರೆ ಅಲಾಯ್ ಸಂದಿಲಿ ಟಾರ್ಚ್ ಬಿಟ್ಟು ಇಣುಕೋದಲ್ಲ. ಅಲ್ಲಿ ಕಾಣ್ಸೋದು ಹೊರಗಿನ ಪ್ಯಾಡ್ ಮಾತ್ರ. ನಮ್ಮ ಕಾರಲ್ಲಿ ಒಂದ್ಸಲ ಸೌಂಡ್ ಇರ್ಲಿಲ್ಲ, ಆಯಿಲ್ ಲೆವೆಲ್ ಮಧ್ಯದಲ್ಲಿತ್ತು, ಟಾರ್ಚಲ್ಲಿ ನೋಡಿದ್ರೆ ಹೊರಗಿನ ಪ್ಯಾಡ್ ದಪ್ಪಗೇ ಇತ್ತು. ಎಡಗಡೆ ಮುಂದಿನ ಚಕ್ರ ಬಿಚ್ಚಿದ್ರೆ ಒಳಗಿನ ಪ್ಯಾಡ್ ಬಿಸ್ಕತ್ತಿಗಿಂತ ತೆಳ್ಳಗಾಗಿ ಒಂದು ಕಡೆಗೆ ಓರೆಯಾಗಿ ಸವೆದಿತ್ತು. ಕ್ಯಾಲಿಪರ್ ಜಾರೋ ಪಿನ್ನಲ್ಲಿ ಗ್ರೀಸ್ ಒಣಗಿ ಕಪ್ಪಗೆ ಗಟ್ಟಿಯಾಗಿ ಪಿನ್ ಅಲ್ಲೇ ಕಚ್ಕೊಂಡಿತ್ತು, ಹಂಗಾಗಿ ಎಲ್ಲಾ ಒತ್ತಡ ಒಳಗಿನ ಪ್ಯಾಡ್ ಮೇಲೇ ಬಿದ್ದಿದೆ. ಮೆಕ್ಯಾನಿಕ್ ಅಲುಗಾಡಿಸಿ ತೋರಿಸ್ತಾ "ನೋಡಣ್ಣ, ಈ ಪಿನ್ನು ಆಡ್ತಾನೇ ಇಲ್ಲ, ಹೊರಗಡೆದು ನೋಡಿ ಒಳಗಡೆದು ಹೆಂಗೈತೆ ಅಂತ ಹೇಳಕ್ಕಾಗಲ್ಲ" ಅಂದ. ಅದಾದ್ಮೇಲೆ ಚಕ್ರ ಬಿಚ್ಚದೆ ಪ್ಯಾಡ್ ಚೆನ್ನಾಗಿದೆ ಅಂತ ಯಾರು ಹೇಳಿದ್ರೂ ನಾನು ಒಪ್ಪಲ್ಲ.

ನೋಡೋವಾಗ ಹಿಂದಿನ ಕಬ್ಬಿಣದ ಪ್ಲೇಟನ್ನ ಲೆಕ್ಕಕ್ಕೆ ತಗೋಬೇಡಿ, ಉಜ್ಜೋ ಭಾಗದ ದಪ್ಪ ಮಾತ್ರ ಅಳೀಬೇಕು. ಹೊಸದ್ರಲ್ಲಿ ಅದು ಸುಮಾರು 10 ಮಿಮೀ ಇರುತ್ತೆ, 3 ಮಿಮೀಗೆ ಬಂದ್ರೆ ಬದಲಾಯಿಸೋದೇ, ಇನ್ನೂ ಸ್ವಲ್ಪ ಓಡುತ್ತೆ ಬಿಡಿ ಅಂತ ಬಿಡಬಾರ್ದು. ಇದಕ್ಕಂತ ಬೇರೆ ದಿನ ಬೇಕಾಗಿಲ್ಲ, ಹತ್ತು ಸಾವಿರ ಕಿಮೀಗೊಂದ್ಸಲ ಟೈರ್ ರೊಟೇಶನ್ ಮಾಡಿಸೋವಾಗ ಹೆಂಗೂ ಚಕ್ರ ಬಿಚ್ಚಿರ್ತಾರೆ, ಆಗ ಪಕ್ಕದಲ್ಲಿ ನಿಂತು ಒಳಗಿಂದು ಹೊರಗಿಂದು ಎರಡೂ ನೋಡ್ಕೊಳ್ಳಿ. ಹಿಂದಿನ ಡ್ರಮ್ ಬಿಚ್ಚೋಕೆ ಗ್ಯಾರೇಜೇ ಬೇಕು, ಆದ್ರೆ ಹ್ಯಾಂಡ್ ಬ್ರೇಕ್ ಮೊದಲಿಗಿಂತ ಜಾಸ್ತಿ ಕಟಕಟ ಅಂತ ಮೇಲೆ ಬರ್ತಿದ್ರೆ ಕೇಬಲ್ ಸಡಿಲ ಆಗಿರ್ಬೋದು ಇಲ್ಲಾ ಶೂ (ಡ್ರಮ್ಮಲ್ಲಿ ಪ್ಯಾಡಿನ ಕೆಲಸ ಮಾಡೋದು) ಸವೆದಿರ್ಬೋದು, ಬಿಚ್ಚಿಸಿ ನೋಡೋದು ಒಳ್ಳೇದು.

ನನ್ ಪ್ರಕಾರ ಚಕ್ರ ಬಿಚ್ಚಿ ನೋಡೋದು ಮೊದಲನೇದು, ಮಧ್ಯೆ ಮಧ್ಯೆ ಆಯಿಲ್ ಡಬ್ಬಿ, ಸೌಂಡು ಕೊನೇದು. ಇಷ್ಟು ಸಾವಿರ ಕಿಮೀಗೆ ಪ್ಯಾಡ್ ಅನ್ನೋ ಲೆಕ್ಕಾನ ನಾನು ಸೇರಿಸೇ ಇಲ್ಲ, ಹೈವೇಲಿ ಓಡೋ ಕಾರಿಗೂ ಸಂತೆ ಬೀದಿಲಿ ಓಡೋ ಕಾರಿಗೂ ಅದು ಒಂದೇ ಆಗಲ್ಲ. ಬದಲಾಯಿಸೋವಾಗ ಎಡ ಬಲ ಎರಡೂ ಕಡೆ ಒಟ್ಟಿಗೆ ಹಾಕ್ಸಿ, ಪಿನ್ ಕ್ಲೀನ್ ಮಾಡಿ ಹೊಸ ಗ್ರೀಸ್ ಹಾಕು ಅಂತ ಬಾಯಿಬಿಟ್ಟು ಹೇಳಿ. ಗ್ಯಾರೇಜಿಂದ ಕಾರು ತೆಗೆಯೋಕೆ ಮುಂಚೆ ನಿಂತಲ್ಲೇ ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ, ಯಾಕಂದ್ರೆ ಪಿಸ್ಟನ್ ಹಿಂದಕ್ಕೆ ತಳ್ಳಿರೋದ್ರಿಂದ ಮೊದಲ ಸಲ ಪೆಡಲ್ ಸೀದಾ ಕೆಳಗೆ ಹೋಗುತ್ತೆ, ಬ್ರೇಕ್ ಹಿಡಿಯೋದೇ ಇಲ್ಲ.